ಉದ್ದನೆಯ ಗಂಟೆ

ಎರಡು ಗಿಡ್ಡ, ಒಂದು ಉದ್ದ ಎಂದರೆ ಪಾದ್ರಿಯ ಮನೆ.
ಮೂರು ಗಿಡ್ಡ, ಡೇರಿ.
ಬಿಡದೆ ಒಂದೇ ಸಮ ಹೊಡೆದುಕೊಂಡರೆ
ವಿಸ್ಕಾನ್ಸಿನ್ನಿನ ನಮ್ಮ ಕಣಿವೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ,
ಕತ್ತಲಲ್ಲಿ ಬೂಟು ತಡಕುತ್ತಿದ್ದರು.

ಆ ಗಂಟೆಯ ಹಿಡಿ ತಿರುಗಿಸುವವಳು ನಾನು,
ಅಂಚೆ ಕಚೇರಿಯ ಹಿಂಕೋಣೆಯಲ್ಲಿ
ಹತ್ತೊಂಬತ್ತರ ಟೊರ್ಬ್ಯೋರ್ಗ್,
ಕಿವಿಗೆ ತಂತಿ, ಮಡಿಲಲ್ಲಿ ಅರ್ಧ ಹೆಣೆದ ಕಾಲುಚೀಲ.

ನನಗೂ ಮುಂಚೆ ಇದ್ದದ್ದು
ಓಕ್ ಮರಕ್ಕೆ ತೂಗುಹಾಕಿದ ರೈಲುಚಕ್ರದ ಬಳೆ, ಒಂದು ಸುತ್ತಿಗೆ.
ಅದಕ್ಕೂ ಮುಂಚೆ ಬರೀ ಗಂಟಲು.
ಸಾಲುಗಟ್ಟಿ ನಿಂತ ಅಜ್ಜಂದಿರು ಬಕೆಟ್ಟು ದಾಟಿಸಿ ದಾಟಿಸಿ
ಕೊನೆಯ ಕೈ ಮುಟ್ಟುವಷ್ಟರಲ್ಲಿ
ಅರ್ಧ ನೀರನ್ನು ತಂತಮ್ಮ ಬೂಟಿಗೇ ಕುಡಿಸಿದ್ದರಂತೆ.
ಆಮೇಲೆ ಎರಡು ಚಳಿಗಾಲ ಪ್ಯಾನ್‌ಕೇಕ್ ಊಟ ಹಾಕಿ
ಚಿಲ್ಲರೆ ಕೂಡಿಸಿ ಕೈಪಂಪು ತಂದರು,
ಕೆಂಪಗೆ, ಆ ಕಡೆ ನಾಲ್ವರು ಈ ಕಡೆ ನಾಲ್ವರು ಒತ್ತುವಂಥದ್ದು.
ಮೊದಲ ಬೆಂಕಿಯಲ್ಲಿ ಮೂರೇ ನಿಮಿಷಕ್ಕೆ ಬಾವಿ ಬರಿದು.
ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವರೆಂದು ನಗುತ್ತಾರಲ್ಲ,
ನಾವು ನಿಜಕ್ಕೂ ತೋಡಿದೆವು.
ಕಣಿವೆಯಲ್ಲೀಗ ಹನ್ನೊಂದು ಕೊಳ,
ಒಂದೊಂದಕ್ಕೂ ಒಂದು ಸುಟ್ಟ ಕೊಟ್ಟಿಗೆಯ ಹೆಸರು.

ಪಂಪಿನ ಮುಖಂಡ ಹಾಲ್ವರ್ ಸ್ಕುಗ್ರೂಡ್ ಹೇಳುತ್ತಿದ್ದ,
“ನಮ್ಮ ದಳ ಇವತ್ತಿನವರೆಗೆ
ಒಂದೇ ಒಂದು ಅಡಿಪಾಯವನ್ನೂ ಕಳೆದುಕೊಂಡಿಲ್ಲ.”

ಬೆಂಕಿ ಹೊರಗಿನಿಂದ ಬರುತ್ತದೆ ಎನ್ನುವವರು
ಹುಲ್ಲಿನ ಜೊತೆ ಬಾಳಿದವರಲ್ಲ.
ಹಸಿಯಿರುವಾಗಲೇ ಅಟ್ಟಕ್ಕೆ ತುಂಬಿದ ಹುಲ್ಲು
ಯಾರೂ ಕಡ್ಡಿ ಗೀರದೆ
ಮೂರು ವಾರ, ನಾಲ್ಕು ವಾರ
ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ;
ಮೊದಲು ಹೊಗೆಸೊಪ್ಪಿನ ವಾಸನೆ, ಆಮೇಲೆ ಸುಟ್ಟ ಸಕ್ಕರೆ.
ಹಾಲ್ವರ್ ಉದ್ದದ ಕಬ್ಬಿಣದ ಸರಳು ಹೊತ್ತು ಮನೆಮನೆ ತಿರುಗುವನು.
ಮೆದೆಯ ಹೊಟ್ಟೆಗೆ ಚುಚ್ಚಿ, ಒಂದು ಪೈಪು ಸೇದಿ,
ಹೊರಗೆಳೆದು ಅಂಗೈಯಲ್ಲಿ ಹಿಡಿಯುವನು.
ಹಿಡಿಯಲಾದರೆ ಸರಿ.
ಸರಳೂ ಬೇಡ ಗಿರಳೂ ಬೇಡ, ನನ್ನ ಹುಲ್ಲು ನನಗೆ ಗೊತ್ತು
ಎಂದವನು ನನ್ನಪ್ಪ ಒಬ್ಬನೇ.

ಮೂವತ್ತೊಂದರ ಸೆಪ್ಟೆಂಬರ್, ರಾತ್ರಿ ಎರಡೂಕಾಲು.
ಬೋರ್ಡಿನಲ್ಲಿ ಹದಿನಾಲ್ಕರ ಮುಚ್ಚಳ ಬಿತ್ತು.
ಹದಿನಾಲ್ಕು ನಮ್ಮ ಮನೆ.
ಅಮ್ಮ ನನ್ನ ಹೆಸರು ಹಿಡಿಯಲಿಲ್ಲ. “ಕೊಟ್ಟಿಗೆ” ಎಂದಳು,
ಯಾರೋ ಆಪರೇಟರಿಗೆ ಹೇಳಿದ ಹಾಗೆ.
“ಸರಿ, ಹದಿನಾಲ್ಕು” ಎಂದೆ ನಾನೂ.
ಹಿಡಿ ತಿರುಗಿಸಿದೆ. ಬಿಡಲಿಲ್ಲ.
ಎದ್ದು ಓಡುವಂತಿಲ್ಲ:
ಪಕ್ಕದ ಊರಿನ ಲಾರಿಗೆ ದಾರಿ ಬೇಕು,
ಸೇತುವೆ ಕುಸಿದಿದೆ, ಗಿರಣಿಯ ಕಡೆಯಿಂದ ಸುತ್ತಿ ಬನ್ನಿ,
ಹೌದು, ಹದಿನಾಲ್ಕೇ, ಹೌದು.
ಕಿಟಕಿಯಾಚೆ ಗುಡ್ಡದ ಬೆನ್ನು ಕಿತ್ತಳೆಯಾಗುತ್ತಿತ್ತು.

ಉಳಿದದ್ದು ಕಂಡವರ ಬಾಯಿಂದ.
ಹಸುಗಳು ಬಂದವು, ಹದಿನಾರೂ.
ಮುದಿ ಕುದುರೆ ಬೋರ್ಕೆನ್‌ನ ಕಣ್ಣಿಗೆ ಹಾಲ್ವರ್ ತನ್ನ ಕೋಟು ಕಟ್ಟಿ
ಅಂಗಳದವರೆಗೆ ಎಳೆತಂದ.
ಕೋಟು ಜಾರಿತು.
ಅದು ಒಮ್ಮೆ ಸುತ್ತಲೂ ನೋಡಿ
ತನಗೆ ಗೊತ್ತಿದ್ದ ಒಂದೇ ಮನೆಗೆ
ವಾಪಸು ಓಡಿತು.

ಸರಳಿನ ಮಾತನ್ನು ಯಾರೂ ಎತ್ತಲಿಲ್ಲ,
ಅಂದೂ, ಅಪ್ಪನನ್ನು ಮಣ್ಣು ಮಾಡಿದ ದಿನವೂ.

ಏಳಕ್ಕೆ ಪಾಳಿ ಮುಗಿಸಿ ಹೊರಬಂದರೆ
ಡೇರಿಯ ಮುಂದೆ ಗಾಡಿಗಳ ಸಾಲು.
ಕೆಚ್ಚಲು ಬೆಂಕಿಗಾಗಿ ಕಾಯುತ್ತದೆಯೇ?
ರಾತ್ರಿಯೇ ಹಸುಗಳನ್ನು ಹಂಚಿಕೊಂಡು ಹೋಗಿದ್ದರು,
ಏಳು ಮನೆಗೆ.
ಏಳು ಗಾಡಿಯಿಂದಲೂ ಇಳಿಯಿತು ಒಂದೊಂದು ಹೆಚ್ಚಿನ ಕ್ಯಾನು,
ಮೈಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡು: ಹದಿನಾಲ್ಕು.
ಹಾಲ್ವರ್ ಅಂಗಿಯಲ್ಲೇ ನಿಂತಿದ್ದ, ಚಳಿಯಲ್ಲಿ,
ನನ್ನ ಕಡೆ ನೋಡದೆ.

“ಹೊಗೆಯ ವಾಸನೆ ಇದೆ” ಎಂದ ತೂಗುವವ, ಮುಚ್ಚಳ ತೆಗೆದು.
ಪೂರ್ತಿ ತೂಕ ಬರೆದುಕೊಂಡ.